ಎರಡನೇ ಗೇರಿನ ಮೇಲಿದ್ದ ಕೈ

ಮಾರ್ಚ್ ೧೧, ಮಂಗಳವಾರ
ಅಂಗಡಿ, ಮಧ್ಯಾಹ್ನ

ನನ್ನ ಬಾಬಿನ್‌ಗೆ,

ಅಮ್ಮನ ಮುದ್ದು ಮತ್ತು ಆಶೀರ್ವಾದ. ನಾನು ಕ್ಷೇಮ ಎಂದು ಬರೆಯಬೇಕಾದ ಜಾಗದಲ್ಲಿ ಎರಡು ಸಲ ಪೆನ್ನು ಇಟ್ಟು ಎತ್ತಿದೆ. ಕೊನೆಗೆ ಆ ಸಾಲನ್ನು ಬಿಟ್ಟೇ ಮುಂದೆ ಹೋಗುತ್ತಿದ್ದೇನೆ. ಮೂವತ್ತು ದಾಟಿದವಳನ್ನು ಬಾಬಿನ್ ಎಂದು ಕರೆಯಬೇಡ ಎಂದು ನೀನು ಎಷ್ಟು ಸಲ ಹೇಳಿದ್ದೀಯೋ ಲೆಕ್ಕವಿಲ್ಲ. ಏನು ಮಾಡಲಿ, ಎಂಥೆಂಥ ಆಟಿಕೆ ತಂದುಕೊಟ್ಟರೂ ಎಸೆದು, ನನ್ನ ಹೊಲಿಗೆ ಯಂತ್ರದ ಖಾಲಿ ಬಾಬಿನ್ ಒಂದನ್ನೇ ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದವಳು ನೀನು. ಈ ಒಂದು ಪತ್ರದ ಮಟ್ಟಿಗೆ ಸಹಿಸಿಕೊ. ಓದಿ ಮುಗಿಸಿದ ಮೇಲೆ ನಾನು ನಿನ್ನನ್ನು ಏನೆಂದು ಕರೆಯಬಹುದು ಎಂಬುದನ್ನು ನೀನೇ ತೀರ್ಮಾನಿಸು.

ಎರಡು ಬೀದಿ ಆಚೆ ಇರುವ ಮಗಳಿಗೆ ಪತ್ರ ಬರೆಯುವುದು ನಗೆಪಾಟಲಿನ ವಿಷಯವೇ. ಹೋದ ವಾರ ಮುಖ ನೋಡಿ ಹೇಳಿಬಿಡೋಣ ಎಂದು ಮೂರು ಸಲ ನಿನ್ನ ಕಟ್ಟುಹಲ್ಲಿನ ಲ್ಯಾಬಿನ ಮೆಟ್ಟಿಲು ಹತ್ತಿ ಬಂದೆ. ನೀನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಯಾರದೋ ಎರಡು ಮುಂದಿನ ಹಲ್ಲುಗಳಿಗೆ ಹೊಳಪು ಕೊಡುತ್ತಾ ಕೂತಿದ್ದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಳಿದು ಬಂದೆ. ಮೂರನೇ ಸಲ ಬರಿಗೈಯಲ್ಲಿ ಇಳಿಯಲು ನಾಚಿಕೆಯಾಗಿ, ನಿನ್ನ ಬಿಳಿ ಕೋಟಿನ ಅಂಚು ಬಿಚ್ಚಿದೆ, ಕೊಡು ಹೊಲಿದು ಕೊಡುತ್ತೇನೆ ಎಂದು ಕಿತ್ತುಕೊಂಡು ಬಂದೆ. ಆ ಕೋಟಿನ ಜೇಬಿನಲ್ಲೇ ಈ ಪತ್ರ ಇಡುತ್ತೇನೆ. ಗೇರ್ ಮಾಮ ಸಂಜೆ ತಂದುಕೊಡುತ್ತಾರೆ.

ಮುಖ್ಯ ಮಾತು ಮೊದಲು. ಬರುವ ಸೋಮವಾರ ಕೋರ್ಟಿನಲ್ಲಿ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ ಅಂತ ವಕೀಲರಿಗೆ ಹೇಳಿದ್ದೀಯಂತೆ. ಒಪ್ಪಿಕೊಳ್ಳಬೇಡ. ಮುಂದೆ ಒಂದು ಸಾಲೂ ಓದಲು ಮನಸ್ಸಾಗದಿದ್ದರೂ ಇಷ್ಟನ್ನು ತಿಳಿದುಕೋ, ತಪ್ಪು ನಿನ್ನದಲ್ಲ.

ನಿನಗೆ ಗೊತ್ತಿರುವ ಕೆಲವು ಸಂಗತಿಗಳನ್ನೂ ಬರೆಯುತ್ತೇನೆ, ಇದನ್ನು ವಕೀಲರೂ ಓದಬೇಕಾದೀತು. ಹೋದ ಜೂನ್‌ನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅಪ್ಪನ ಹಸಿರು ಸ್ಪೋರ್ಟ್ಸ್ ಕಾರಿನಲ್ಲಿ ನಾವಿಬ್ಬರೂ ಗುಡ್ಡದ ಮೇಲಿನ ನೀರಿನ ಟ್ಯಾಂಕಿನವರೆಗೆ ಹೋಗಿ ಇಳಿಯುತ್ತಿದ್ದೆವು. ಓಡಿಸುತ್ತಿದ್ದವಳು ನೀನು. ನಾಲ್ಕನೇ ತಿರುವಿನಲ್ಲಿ ಗಾಡಿ ಒಮ್ಮೆಲೇ ಕೈಬಿಟ್ಟ ಹಾಗೆ ಮುಂದಕ್ಕೆ ನುಗ್ಗಿತು. ನೀನು ಗೇರಿನ ಕಡೆ ನೋಡಿದೆ, ಗಾಡಿ ಅಂಚಿಗೆ ಹೋಯಿತು. ಅಂಚಿನಲ್ಲಿ ಸಾಣೆಯಣ್ಣ ತನ್ನ ಸಾಣೆ ಗಾಡಿಯನ್ನು ಮೇಲಕ್ಕೆ ತಳ್ಳಿಕೊಂಡು ಬರುತ್ತಿದ್ದ. ನಮಗೆ ಒಂದು ಗೀರೂ ಆಗಲಿಲ್ಲ, ಅವನ ಬಲಮಂಡಿ ಪುಡಿಯಾಯಿತು. ನಲವತ್ತು ವರ್ಷ ಬಲಗಾಲಿನಿಂದ ಚಕ್ರ ತುಳಿದು ಊರಿನ ಚಾಕು ಕತ್ತರಿಗಳಿಗೆಲ್ಲ ಸಾಣೆ ಹಿಡಿದವನಿಗೆ ಈಗ ಆ ಮಂಡಿ ಮಡಚುವುದಿಲ್ಲ.

ಮೊನ್ನೆ ಗೇರ್ ಮಾಮ ತಮ್ಮ ಗ್ಯಾರೇಜಿನಲ್ಲಿ ಆ ಕಾರಿನ ಗೇರ್‌ಬಾಕ್ಸ್ ಬಿಚ್ಚಿದರು. ಮಾರಿಬಿಡಿ, ಅದು ನನ್ನ ಕಣ್ಣಿಗೆ ಬೀಳಬಾರದು ಎಂದು ನೀನೇ ಅವರಿಗೆ ಹೇಳಿದ್ದೆಯಲ್ಲ, ಅದಕ್ಕೆ. ಒಳಗೆ ಎರಡನೇ ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವ ಒಂದು ಉಕ್ಕಿನ ರಿಂಗ್ ಇರುತ್ತದೆ. ಅದು ಸವೆದು ಸವೆದು, ಎರಡು ತುಂಡಾಗಿತ್ತು. ರಿಂಗ್ ಸವೆದರೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಎರಡನೇ ಗೇರು ತಾನಾಗಿಯೇ ಜಿಗಿದು ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಸಮ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಠಾಣೆಯ ಮುಂದಿನ ರಸ್ತೆಯಲ್ಲಿ ಎರಡು ಸುತ್ತು ಹೊಡೆದ ಇನ್ಸ್‌ಪೆಕ್ಟರು ಗಾಡಿ ಸರಿಯಾಗಿದೆ, ಹುಡುಗಿಯೇ ನ್ಯೂಟ್ರಲ್ ಮಾಡಿಕೊಂಡು ಇಳಿದಿದ್ದಾಳೆ ಎಂದು ಬರೆದದ್ದು ಅದಕ್ಕೇ. ಗೇರ್ ಮಾಮ ತುಂಡುಗಳನ್ನು ಒಂದು ಬಟ್ಟೆಯ ಮೇಲಿಟ್ಟು, ಬರೆದು ಸಹಿ ಮಾಡಿ ಕೊಡುತ್ತೇನೆ ಎಂದಿದ್ದಾರೆ. ಇನ್ನು ನೀನು ತಲೆ ತಗ್ಗಿಸಬೇಕಾಗಿಲ್ಲ.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ನಿಜ ಹೇಳುತ್ತೇನೆ, ಮುಗಿಸಿದೆ ಕೂಡ. ಮಡಚಿ, ಕೋಟಿನ ಜೇಬಿಗೆ ಹಾಕಿ, ನೆಮ್ಮದಿಯಾಗಿ ಒಂದು ಲೋಟ ಟೀ ಕುಡಿದೆ. ಆಮೇಲೆ ಬ್ಯಾಂಕಿನ ಮೇಡಂ ಬ್ಲೌಸಿನ ಬಟ್ಟೆ ಕತ್ತರಿಸೋಣವೆಂದು ಕೂತೆ. ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಒಂಬತ್ತು ತಿಂಗಳಿಂದ ಸಾಣೆ ಕಾಣದ ಕತ್ತರಿ ಇನ್ನೇನು ಮಾಡುತ್ತದೆ. ಪಕ್ಕದ ಬೀದಿಯಲ್ಲೇ ಸಾಣೆಯಣ್ಣ ಇದ್ದಾನೆ. ಆದರೂ ನಾನು ಕತ್ತರಿ ಕೊಂಡುಹೋಗಿಲ್ಲ. ಯಾಕೆ ಎಂದು ನೀನು ಒಮ್ಮೆ ಕೇಳಿದ್ದೆ, ಮರೆತೆ ಎಂದು ನಾನು ತಪ್ಪಿಸಿಕೊಂಡಿದ್ದೆ. ಮೇಡಂ ಬಟ್ಟೆ ಹಾಳಾಯಿತು. ಕೋಟಿನಿಂದ ಪತ್ರ ಆಚೆ ತೆಗೆದು ಮತ್ತೆ ಬರೆಯುತ್ತಿದ್ದೇನೆ.

ಆ ರಿಂಗಿನ ವಿಷಯ ನನಗೆ ಮೊದಲೇ ಗೊತ್ತಿತ್ತು.

ಮೊನ್ನೆಯಿಂದ ಅಲ್ಲ, ಜೂನ್‌ನಿಂದಲೂ ಅಲ್ಲ. ಅಪ್ಪ ಆ ಗಾಡಿ ತಂದ ವರ್ಷದಿಂದ. ಆ ಮಾಡೆಲ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ ಅದು. ಕಂಪನಿಯವರು ಮೊದಲ ಕೆಲವು ವರ್ಷ ತೆಳುವಾದ ರಿಂಗ್ ಹಾಕಿ, ಆಮೇಲೆ ತಪ್ಪು ಗೊತ್ತಾಗಿ ದಪ್ಪದ್ದು ಹಾಕಿದರಂತೆ. ನಮ್ಮದು ಮೊದಲಿನದು. ಅಪ್ಪ ಜೀವನವಿಡೀ ಲಿಫ್ಟ್ ರಿಪೇರಿ ಮಾಡಿದವರು. ವಾರವೆಲ್ಲ ಕತ್ತಲ ಬಾವಿಯಂಥ ಜಾಗದಲ್ಲಿ ನೇತಾಡಿ, ಭಾನುವಾರವಾದರೂ ತಲೆ ಮೇಲೆ ಆಕಾಶ ಇರಬೇಕು ಎಂದು ಈ ಮಾಡು ತೆಗೆಯುವ ಗಾಡಿ ಕೊಂಡರು. ಮಾಡಿನ ಬಟ್ಟೆ ಹರಿದಿತ್ತು, ಹೊಲಿದವಳು ನಾನು. ಎರಡೇ ಸೀಟು. ನೀನು ಚಿಕ್ಕವಳಿದ್ದಾಗ ಭಾನುವಾರ ನಿನ್ನನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುತ್ತಿದ್ದೆವು. ನೀನು ಬಾಗಿಲಲ್ಲಿ ನಿಂತು ರಂಪ ಮಾಡುತ್ತಿದ್ದೆ.

ಇಳಿಯುವಾಗ ಎರಡನೇ ಗೇರು ನಿಲ್ಲುತ್ತಿರಲಿಲ್ಲ. ಸ್ಟೀರಿಂಗ್ ಕಲ್ಲಿನಷ್ಟು ಗಟ್ಟಿ, ತಿರುವಿನಲ್ಲಿ ಅಪ್ಪನಿಗೆ ಎರಡೂ ಕೈ ಬೇಕು. ಅದಕ್ಕೆ ಗೇರಿನ ಕೋಲನ್ನು ನಾನು ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಅವರು ಎರಡಕ್ಕೆ ಹಾಕಿ, ಹೂಂ ಎನ್ನುತ್ತಿದ್ದರು. ನಾನು ಬಲಗೈ ಇಟ್ಟು, ಅಂಗೈಯಿಂದ ಹಿಂದಕ್ಕೆ ಒತ್ತಿ, ಕೊನೆಯ ತಿರುವಿನವರೆಗೆ ಹಿಡಿದಿರುತ್ತಿದ್ದೆ. ಒಳಗಿನಿಂದ ಅದು ಕರು ಹಗ್ಗ ಜಗ್ಗಿದ ಹಾಗೆ ಜಗ್ಗುತ್ತಿತ್ತು. ಕೆಳಗೆ ಸಮ ರಸ್ತೆಗೆ ಬಂದ ಮೇಲೆ ಅವರು ನನ್ನ ಕೈ ಮೇಲೆ ಕೈ ಇಟ್ಟು, ಇಬ್ಬರ ಕೈಯೂ ಸೇರಿಸಿಯೇ ಮೂರಕ್ಕೆ ಹಾಕುತ್ತಿದ್ದರು. ಅಪ್ಪ ಎಂಥ ಮೌನದ ಮನುಷ್ಯ ಎಂದು ನಿನಗೆ ಗೊತ್ತು. ಉಪ್ಪು ಬೇಕಾದರೂ ಕೇಳದೆ ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದ ಜೀವ.

ಗೇರ್ ಮಾಮ ಅಪ್ಪನ ಗೆಳೆಯ. ಮೊದಲು ಈ ಊರಲ್ಲೇ ಇದ್ದಾಗ ಅವರು ಅಪ್ಪನಿಗೆ ಬುದ್ಧಿ ಹೇಳಿದ್ದರು, ಇದು ಆಟವಲ್ಲ, ದಪ್ಪ ರಿಂಗ್ ತರಿಸು, ಬಾಕ್ಸ್ ಇಳಿಸಿ ಹಾಕೋಣ ಎಂದು. ಎಲ್ಲೋ ದೂರದಲ್ಲಿ ಒಬ್ಬ ಮುದುಕ ಆ ರಿಂಗನ್ನು ಕೈಯಾರೆ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದನಂತೆ. ಅಪ್ಪ ಬರೆದು ತರಿಸಲು ನೋಡಿದರು. ತಿಂಗಳುಗಟ್ಟಲೆ ಕಾದರು. ಬರಲೇ ಇಲ್ಲ. ಎರಡನೇ ಸಲ ಬರೆಯುವ ಹೊತ್ತಿಗೆ ಆ ಮುದುಕ ತೀರಿಕೊಂಡಿದ್ದ. ಗೇರ್ ಮಾಮನೂ ಬೇರೆ ಊರಿಗೆ ಹೋದರು. ನಾವು ನನ್ನ ಅಂಗೈಯನ್ನೇ ನಂಬಿಕೊಂಡು ಗಾಡಿ ಓಡಿಸಿದೆವು.

ಅಪ್ಪ ಹೋದ ಮೇಲೆ ಗಾಡಿ ನಿನ್ನದಾಯಿತು. ಆ ದಿನವೇ ನಿನಗೆ ಹೇಳಬೇಕಿತ್ತು. ಹೇಳಿದರೆ ನೀನು ಗುಡ್ಡಕ್ಕೆ ಹೋಗುವುದನ್ನೇ ಬಿಡುತ್ತೀಯ, ಇಲ್ಲವೇ ಸರಿ ಮಾಡಿಸಿಬಿಡುತ್ತೀಯ. ಸರಿ ಮಾಡಿಸಿದರೆ ಪಕ್ಕದ ಸೀಟಿಗೆ ನಾನೇ ಯಾಕೆ ಬೇಕು? ನಿನ್ನ ಗೆಳತಿಯರಿದ್ದಾರೆ. ಹೇಳದೇ ಇದ್ದೆ. ಸಮ ರಸ್ತೆಯಲ್ಲಿ ಎಷ್ಟು ಬೇಕಾದರೂ ಓಡಿಸು, ಗುಡ್ಡಕ್ಕೆ ಮಾತ್ರ ನಾನಿಲ್ಲದೆ ಹೋಗಬೇಡ, ಅಪ್ಪನ ನೆನಪಿನ ಜಾಗ ಅದು ಎಂದೆ. ನೀನು ನಂಬಿದೆ. ಇಳಿಯುವಾಗ ಗೇರಿನ ಮೇಲೆ ನನ್ನ ಕೈ ಕಂಡು, ಅಮ್ಮನಿಗೆ ಭಯ ಎಂದುಕೊಂಡೆ. ಒಂದೆರಡು ಸಲ ನಿನ್ನ ಸ್ನೇಹಿತರ ಮುಂದೆ ಅದನ್ನು ಹೇಳಿ ನಕ್ಕದ್ದೂ ಉಂಟು. ನಾನೂ ಜೊತೆಗೆ ನಕ್ಕೆ.

ಆ ಭಾನುವಾರದ ಮಾತಿಗೆ ಬರುತ್ತೇನೆ. ಮೇಲೆ ಟ್ಯಾಂಕಿನ ಹತ್ತಿರ ನೀನು ಹೇಳಿದೆ, ದೊಡ್ಡ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಊರು ಬಿಡುತ್ತೇನೆ, ಗಾಡಿಯನ್ನೂ ಒಯ್ಯುತ್ತೇನೆ ಎಂದು. ನನಗೆ ಖುಷಿಯಾಗಬೇಕಿತ್ತು. ಬಾಯಲ್ಲಿ ಒಳ್ಳೆಯದಾಯಿತು ಎಂದೆ, ಮುಖ ಊದಿಸಿಕೊಂಡು ಕೂತೆ. ಇಳಿಯುವಾಗ ಏನೇನೋ ಕೊಂಕು ತೆಗೆದೆ. ನಿನಗೆ ರೇಗಿತು. ನೀನು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ಅಮ್ಮಾ, ಮೊದಲು ಆ ಕೈ ತೆಗಿ. ನನ್ನ ಗಾಡಿ ನಾನು ಓಡಿಸ್ಕೋತೀನಿ.”

ನಾನು ಅಂದದ್ದೂ ನೆನಪಿದೆ. “ಸರಿ ತಾಯಿ, ನಿನ್ನ ಗಾಡಿ, ನಿನ್ನ ಗೇರು.” ಕೈ ತೆಗೆದು, ಎರಡೂ ಕೈ ಕಟ್ಟಿಕೊಂಡು ಆಚೆ ಮುಖ ಮಾಡಿದೆ.

ಬಾಬಿನ್, ನಾನು ಮರೆತು ಕೈ ತೆಗೆದದ್ದಲ್ಲ. ಅದು ಜಿಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲನೇ ತಿರುವು ದಾಟಿತು, ಎರಡನೆಯದು ದಾಟಿತು. ಒಂದು ಸಲ ಜಿಗಿಯಲಿ, ನನ್ನ ಕೈಯ ಬೆಲೆ ಆಗ ಗೊತ್ತಾಗುತ್ತೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ನೀನು ಗಾಬರಿಯಾಗಿ, ಅಮ್ಮಾ ಎನ್ನುತ್ತೀಯ, ಆಗ ನಾನು ಹಿಡಿದುಕೊಡುತ್ತೇನೆ ಎಂದಿತ್ತು ನನ್ನ ಎಣಿಕೆ. ಮೂರನೆಯದೂ ದಾಟಿತು. ನಾಲ್ಕನೆಯದರಲ್ಲಿ ಜಿಗಿಯಿತು. ನೀನು ಅಮ್ಮಾ ಎಂದೆ ಕೂಡ. ನಾನು ಕೈ ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ತಿರುವಿನಲ್ಲಿ ಒಬ್ಬ ಮನುಷ್ಯ ಬರುತ್ತಿರಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಪೊಲೀಸರು ಕೇಳಿದಾಗ, ಅವಳು ಗೇರಿನ ಕಡೆ ನೋಡುತ್ತಿದ್ದಳು ಎಂದು ಹೇಳಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನನ್ನ ಜಾಣತನ ಅಲ್ಲಿಯವರೆಗೆ ಹೋಗಿತ್ತು. ಗೇರ್ ಮಾಮ ಆ ಹೊತ್ತಿಗೆ ಊರಿಗೆ ಮರಳಿದ್ದರು. ಸುದ್ದಿ ಕೇಳಿ ಓಡಿ ಬಂದು ಮೊದಲು ಕೇಳಿದ್ದೇ, ಅತ್ತಿಗೆ, ಆ ರಿಂಗ್ ಹಾಕಿಸಿದ್ದನಾ ಎಂದು. ಓಹೋ, ಆಗಲೇ ಹಾಕಿದರು ಎಂದೆ. ಸತ್ತವರ ಹೆಸರಿನಲ್ಲಿ ಸುಳ್ಳು ಹೇಳುವುದು ಎಷ್ಟು ಸಲೀಸು. ಅವರು ನನ್ನ ಮಾತು ನಂಬಿದ್ದರಿಂದ ಆಗ ಯಾರೂ ಬಾಕ್ಸ್ ಬಿಚ್ಚಲಿಲ್ಲ. ಮೊನ್ನೆ ತುಂಡಾದ ತೆಳು ರಿಂಗನ್ನು ನನ್ನ ಮುಂದಿಟ್ಟು, ಅತ್ತಿಗೆ ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆಸ್ಪತ್ರೆಯಲ್ಲಿ ಸಾಣೆಯಣ್ಣನನ್ನು ನೋಡಲು ಹೋಗಿದ್ದಾಗ ಅವನು ನನ್ನ ಕೈ ಹಿಡಿದುಕೊಂಡು ಒಂದು ಮಾತು ಹೇಳಿದ. “ನಿಮ್ಮ ಮಗಳು ಒಳ್ಳೆಯವಳಮ್ಮಾ. ಒಂದು ಸಲಾನೂ ಗಾಡಿ ಮೇಲೆ ತಪ್ಪು ಹಾಕಲಿಲ್ಲ.” ಅವನು ಹಿಡಿದುಕೊಂಡದ್ದು ಬಲಗೈಯನ್ನೇ. ಅಂದಿನಿಂದ ನಾನು ಅವನ ಬೀದಿಗೆ ಹೋಗಿಲ್ಲ.

ಹೋಗಿಲ್ಲ ಎಂದರೆ, ಒಮ್ಮೆ ಹೋದೆ. ಹೋದ ತಿಂಗಳು ಒಂದು ಶನಿವಾರ ಧೈರ್ಯ ಮಾಡಿ ಕತ್ತರಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟೆ. ಎದುರು ಸಾಲಿನ ಔಷಧಿ ಅಂಗಡಿಯ ಹತ್ತಿರದಿಂದ ನೋಡಿದೆ. ಅವನು ಕುರ್ಚಿಯಲ್ಲಿ ಒಂದು ಕಾಲು ಚಾಚಿಕೊಂಡು ಕೂತು ಚಾಕು ಹಿಡಿದಿದ್ದ. ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು ಚಕ್ರ ತುಳಿಯುತ್ತಿದ್ದವಳು ನೀನು. ವಾರವೆಲ್ಲ ಹಲ್ಲು ಮಾಡಿ ಶನಿವಾರ ಅವನ ಕಾಲಾಗುತ್ತೀಯ ಎಂದು ನನಗೆ ಯಾರೂ ಹೇಳಿರಲಿಲ್ಲ. ಶನಿವಾರ ಓವರ್‌ಟೈಮ್ ಎಂದಿದ್ದೆ ನೀನು. ಅವನು ಏನೋ ತಮಾಷೆ ಮಾಡಿದ, ನೀನು ನಕ್ಕೆ, ಕಾಲು ಮಾತ್ರ ನಿಲ್ಲಿಸಲಿಲ್ಲ. ಬೆವರಿಗೆ ನಿನ್ನ ಬೆನ್ನಿನ ಬಟ್ಟೆ ಅಂಟಿಕೊಂಡಿತ್ತು. ತುಳಿಯಬೇಕಾದ ಕಾಲು ನನ್ನದು. ನಾನು ಕತ್ತರಿ ಸುತ್ತಿಕೊಂಡು ಹಾಗೇ ಹಿಂದೆ ಬಂದೆ.

ಇನ್ನೊಂದಿದೆ, ಅದನ್ನು ಹೇಳದೆ ಬಿಟ್ಟರೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ. ಕೇಸು ಆದದ್ದರಿಂದ ನೀನು ಹೊಸ ಕೆಲಸಕ್ಕೆ ಹೋಗಲಿಲ್ಲ. ಊರು ಬಿಡಲಿಲ್ಲ. ಒಂಬತ್ತು ತಿಂಗಳು ಎರಡು ಬೀದಿ ಆಚೆಯೇ ಇದ್ದೆ, ವಾರಕ್ಕೆ ಎರಡು ಸಲ ನನ್ನ ಕೈ ಅಡುಗೆ ಉಂಡೆ. ನೀನು ತಲೆ ತಗ್ಗಿಸಿ ಉಣ್ಣುವಾಗ ನಾನು ನಿನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದೆ. ನನ್ನ ಎದೆಯಲ್ಲಿ ಸಂಕಟ ಇತ್ತು, ಸುಳ್ಳಲ್ಲ. ಅದರ ಪಕ್ಕದಲ್ಲೇ ಒಂದು ಸಮಾಧಾನವೂ ಕೂತಿತ್ತು. ಆ ಸಮಾಧಾನಕ್ಕೆ ನನ್ನನ್ನು ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗಿ ಇದನ್ನೆಲ್ಲ ಹೇಳಿಕೆಯಾಗಿ ಬರೆಸುತ್ತೇನೆ. ಗೇರ್ ಮಾಮ ಜೊತೆಗೆ ಬರುತ್ತಾರೆ. ಅಲ್ಲಿಂದ ನೇರ ಸಾಣೆಯಣ್ಣನ ಹತ್ತಿರ ಹೋಗುತ್ತೇನೆ, ಅವನು ಇದನ್ನು ಕೋರ್ಟಿನಲ್ಲಿ ಮೊದಲ ಸಲ ಕೇಳಬಾರದು. ನೀನು ಬರಬೇಡ. ನನ್ನ ಮುಖ ನೋಡಿದರೆ ನಿನಗೆ ಕರುಣೆ ಬಂದೀತು, ನೀನು ಅಪ್ಪನ ಮಗಳು. ಸೋಮವಾರ ನೀನು ನಿಂತು ಹೇಳಬೇಕಾದದ್ದು ಇಷ್ಟೇ: ಗೇರು ತಾನಾಗಿ ಜಿಗಿಯಿತು, ನನಗೆ ಗೊತ್ತಿರಲಿಲ್ಲ, ನನ್ನ ಅಮ್ಮನಿಗೆ ಗೊತ್ತಿತ್ತು. ಮೂರೂ ನಿಜ. ಮೂರನೆಯದನ್ನು ನುಂಗಬೇಡ.

ಆ ದೊಡ್ಡ ಲ್ಯಾಬಿನವರಿಗೆ ಇನ್ನೊಮ್ಮೆ ಬರೆ. ಜಾಗ ಖಾಲಿ ಇದ್ದೀತು. ಕೋಟಿನ ಅಂಚನ್ನು ಎರಡು ಸಾಲು ಹೊಲಿದಿದ್ದೇನೆ, ಯಾವ ಊರಿನಲ್ಲಿ ಹಾಕಿಕೊಂಡರೂ ಬಿಚ್ಚುವುದಿಲ್ಲ.

ಹಾಗೆ ಕರೆಯಲು ನಿನಗೆ ಇನ್ನೂ ಮನಸ್ಸಿದ್ದರೆ,

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಾರದೆ ಕೆಳಗೆ ಉಳಿದದ್ದು. ಅಪ್ಪ ತರಿಸಿದ ರಿಂಗ್ ಬರಲೇ ಇಲ್ಲ ಎಂದು ಮೇಲೆ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಿಲ್ಲ, ನಾನು ಎಷ್ಟು ಸರಾಗವಾಗಿ ಸುಳ್ಳು ಬರೆಯುತ್ತೇನೆ ಎಂದು ನೀನು ನೋಡಬೇಕು. ಅದು ಬಂದಿತ್ತು. ಹನ್ನೊಂದು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅಪ್ಪ ಕೆಲಸಕ್ಕೆ ಹೋಗಿದ್ದಾಗ ಸಹಿ ಹಾಕಿ ತೆಗೆದುಕೊಂಡವಳು ನಾನು. ಅದನ್ನು ಹಾಕಿಬಿಟ್ಟರೆ ಗೇರು ಜಿಗಿಯುವುದಿಲ್ಲ, ನಾನು ಹಿಡಿಯಬೇಕಾಗಿಲ್ಲ, ಕೆಳಗೆ ಬಂದ ಮೇಲೆ ಅವರು ನನ್ನ ಕೈ ಮೇಲೆ ಕೈ ಇಡುವುದೂ ಇಲ್ಲ. ವಾರದಲ್ಲಿ ಅದೊಂದೇ ಸಲ ಅವರು ಇಡುತ್ತಿದ್ದದ್ದು. ಹೊಲಿಗೆ ಯಂತ್ರದ ಎಡಗಡೆ ಡ್ರಾಯರಿನಲ್ಲಿ, ಕೊಕ್ಕೆಗಳ ಡಬ್ಬಿಯ ತಳದಲ್ಲಿ ಇಟ್ಟೆ. ಅಪ್ಪ ಪ್ರತಿ ಸಂಜೆ ಬಂದು, ಏನಾದರೂ ಬಂತಾ ಎಂದು ಕೇಳುತ್ತಿದ್ದರು. ಅವರಾಗಿ ಕೇಳುತ್ತಿದ್ದದ್ದು ಅದೊಂದೇ ಪ್ರಶ್ನೆ.

ಕೋಟಿನ ಇನ್ನೊಂದು ಜೇಬಿನಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಅದನ್ನು ಇಟ್ಟಿದ್ದೇನೆ. ಗೇರ್ ಮಾಮನಿಗೆ ಕೊಡುವ ಮೊದಲು ಕೋರ್ಟಿನಲ್ಲಿ ತೋರಿಸು. ಎಲ್ಲೋ ಇಟ್ಟು ಮರೆತಿದ್ದಾರೆ ಪಾಪ ಎಂದು ಅಲ್ಲಿ ಯಾರಾದರೂ ನನ್ನ ಪರವಾಗಿ ಹೇಳಿದರೆ ಒಪ್ಪಬೇಡ. ಬಿಚ್ಚಿ ನೋಡು, ಒಂದು ಚುಕ್ಕೆ ತುಕ್ಕಿಲ್ಲ. ಹನ್ನೊಂದು ವರ್ಷವೂ ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ ಅದಕ್ಕೂ ಒಂದು ತೊಟ್ಟು ಬಿಟ್ಟಿದ್ದೇನೆ.